ಗರಸು ನೆಲದ ಬೇಸಾಯ: ನೀರು ನಿಲ್ಲದ ಮಣ್ಣಿಗೆ ಬೇರೆಯದೇ ಲೆಕ್ಕ

ದೊಡ್ಡಬಳ್ಳಾಪುರದಿಂದ ನಂದಿ ಬೆಟ್ಟದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಚಪ್ಪರ, ರಾಗಿ ಹೊಲ, ಮಾವಿನ ತೋಪು ಕಾಣಸಿಗುತ್ತವೆ. ನೆಲ ಕೆಂಪು. ಬಗ್ಗಿ ನೋಡಿದರೆ ಕೆಂಪಿನ ನಡುವೆ ಬಿಳಿಯ ಬೆಣಚುಕಲ್ಲಿನ ಚೂರುಗಳು ಹರಡಿರುತ್ತವೆ. ಜೋರು ಮಳೆ ಹೊಯ್ದು ನಿಂತ ಮರುದಿನವೇ ಇಲ್ಲಿ ನೇಗಿಲು ಹೂಡಬಹುದು. ಆದರೆ ಮಳೆ ಹತ್ತು ದಿನ ಕೈಕೊಟ್ಟರೆ, ತಗ್ಗಿನ ಹೊಲದ ರಾಗಿ ಇನ್ನೂ ಹಸಿರಾಗಿರುವಾಗಲೇ ಇಲ್ಲಿಯ ಪೈರು ಸುರುಳಿ ಸುತ್ತಿಕೊಳ್ಳುತ್ತದೆ. ಎರಡಕ್ಕೂ ಕಾರಣ ಮಣ್ಣಿನೊಳಗಿನ ಗರಸು.

ಗರಸು ನೆಲ ಎಂದೊಡನೆ ಅದನ್ನು ಕಳಪೆ ಎಂದು ತಳ್ಳಿಹಾಕುವವರಿದ್ದಾರೆ. ಅದೇ ನೆಲದಲ್ಲಿ ಒಳ್ಳೆಯ ತೋಟ ಕಟ್ಟಿದವರೂ ಇದ್ದಾರೆ. ಇಂಥ ನೆಲ ಇರುವವರು ಮೊದಲು ಮೂರು ಸಂಗತಿ ಅಳೆಯಬೇಕು: ಗರಸು ಎಷ್ಟಿದೆ, ಮಣ್ಣು ಎಷ್ಟು ಆಳವಿದೆ, ಅದು ಎಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಈ ಮೂರು ಅಂಕಿ ಕೈಯಲ್ಲಿದ್ದರೆ ಬೆಳೆಯ ಆಯ್ಕೆ, ನೀರಿನ ಸರದಿ, ಗೊಬ್ಬರದ ಕಂತು ಎಲ್ಲವೂ ಸುಲಭವಾಗುತ್ತವೆ.

ಕಣಿವೆಗೆ ಕಲ್ಲು ಬಂದದ್ದು ಹೇಗೆ?

ನಂದಿ ಬೆಟ್ಟ ಸಾಲು ಗ್ರಾನೈಟ್ ಮತ್ತು ನೈಸ್ ಶಿಲೆಗಳದ್ದು. ಗ್ರಾನೈಟಿನಲ್ಲಿ ಫೆಲ್ಡ್‌ಸ್ಪಾರ್, ಬೆಣಚು, ಕಾಗೆಬಂಗಾರ ಎಂಬ ಖನಿಜಗಳು ಬೆರೆತಿರುತ್ತವೆ. ಬಿಸಿಲು ಮಳೆಗೆ ಸಿಕ್ಕ ಫೆಲ್ಡ್‌ಸ್ಪಾರ್ ಸಾವಿರಾರು ವರ್ಷಗಳಲ್ಲಿ ಕರಗಿ ಜೇಡಿಯಾಗುತ್ತದೆ. ಬೆಣಚು ಹಾಗೆ ಸುಲಭಕ್ಕೆ ಕರಗುವುದಿಲ್ಲ, ಚೂರಾಗಿ ಉಳಿಯುತ್ತದೆ. ಬೆಟ್ಟದಿಂದ ಇಳಿಯುವ ನೀರು ಜೇಡಿ, ಮರಳು, ಕಲ್ಲು ಎಲ್ಲವನ್ನೂ ಹೊತ್ತು ತರುತ್ತದೆ. ಇಳಿಜಾರು ಕಡಿಮೆಯಾದ ಕಡೆ ನೀರಿನ ವೇಗ ತಗ್ಗಿ ಭಾರದ ಕಲ್ಲು ಮೊದಲು ಕೆಳಗಿಳಿಯುತ್ತದೆ, ಆಮೇಲೆ ಮರಳು. ಜೇಡಿ ಮಾತ್ರ ತಗ್ಗಿನವರೆಗೂ ತೇಲಿಕೊಂಡು ಹೋಗುತ್ತದೆ.

ಹೀಗಾಗಿ ಒಂದೇ ಊರಿನಲ್ಲಿ ಮೂರು ನಾಲ್ಕು ಬಗೆಯ ನೆಲ ಸಿಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಬರಿ ಬಂಡೆ, ಇಳಿಜಾರಿನಲ್ಲಿ ಆಳವಿಲ್ಲದ ಗರಸು, ಬುಡದಲ್ಲಿ ಆಳವಾದ ಗರಸು ಬೆರೆತ ಕೆಂಪು ಗೋಡು, ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಜಿಗುಟು ಜೇಡಿ. ಹಿಂದಿನವರು ಗದ್ದೆಯನ್ನು ತಗ್ಗಿನಲ್ಲಿ, ರಾಗಿ ಹುರುಳಿಯನ್ನು ಮೇಲಿನ ಹೊಲದಲ್ಲಿ ಇಟ್ಟದ್ದು ಈ ಕ್ರಮಕ್ಕೆ ಸರಿಯಾಗಿಯೇ ಇದೆ.

ಹಿಮಾಲಯದ ಬುಡದಲ್ಲಿ ಇದೇ ಕ್ರಿಯೆ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಶಿವಾಲಿಕ್ ಬೆಟ್ಟಗಳ ಉದ್ದಕ್ಕೂ 8ರಿಂದ 16 ಕಿ.ಮೀ. ಅಗಲದ ಭಾಬರ್ ಎಂಬ ಗರಸಿನ ಪಟ್ಟಿಯಿದೆ. ಬೆಟ್ಟದಿಂದ ಬಂದ ತೊರೆಗಳು ಅಲ್ಲಿ ಕಲ್ಲಿನ ಸಂದಿಯೊಳಗೆ ಇಳಿದು ಕಣ್ಮರೆಯಾಗುತ್ತವೆ, ಕೆಳಗಿನ ತರಾಯಿ ಪ್ರದೇಶದಲ್ಲಿ ಮತ್ತೆ ಮೇಲೇಳುತ್ತವೆ.

ನ್ಯೂಜಿಲೆಂಡಿನ ಹಾಕ್ಸ್ ಬೇ ಪ್ರಾಂತ್ಯದ ಕತೆ ಇನ್ನೂ ಈಚಿನದು. 1867ರ ಮಹಾಪ್ರವಾಹದಲ್ಲಿ ಅಲ್ಲಿಯ ನಗಾರುರೋರೋ ನದಿ ಪಾತ್ರ ಬದಲಿಸಿ, ತನ್ನ ಹಳೆಯ ಪಾತ್ರದ ಜಲ್ಲಿಯನ್ನು ಬಯಲಿಗೆ ಬಿಟ್ಟುಹೋಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಕುರಿ ಮೇಯಲೂ ಸಾಲದ ನೆಲ ಎನಿಸಿಕೊಂಡಿತ್ತು. ಜಲ್ಲಿ ಕ್ವಾರಿಗೆ ಬಳಕೆಯಾಗುತ್ತಿತ್ತು. 1981ರಲ್ಲಿ ಮೊದಲ ದ್ರಾಕ್ಷಿ ಬಳ್ಳಿ ನೆಟ್ಟ ಮೇಲೆ ಅದರ ಬೆಲೆಯೇ ಬದಲಾಯಿತು. ಸುಮಾರು 800 ಹೆಕ್ಟೇರಿನ ಆ ಜಾಗ ಇಂದು ‘ಗಿಂಬ್ಲೆಟ್ ಗ್ರಾವೆಲ್ಸ್’ ಎಂಬ ಹೆಸರಿನಿಂದ ಕೆಂಪು ವೈನ್ ದ್ರಾಕ್ಷಿಗೆ ಪ್ರಸಿದ್ಧ. ಹಗಲು ಕಾದ ಕಲ್ಲು ಸಂಜೆಯ ನಂತರವೂ ಬಳ್ಳಿಗೆ ಬಿಸಿ ಕೊಡುತ್ತದೆ, ಬೇರಿನ ಬಳಿ ನೀರು ನಿಲ್ಲುವುದಿಲ್ಲ. ಆದರೆ ಹನಿ ನೀರಾವರಿ ಇಲ್ಲದಿದ್ದರೆ ಅಲ್ಲಿ ಎಳೆಯ ಬಳ್ಳಿ ಬದುಕುವುದು ಕಷ್ಟ. ಈ ನೆಲದ ಲಾಭವನ್ನು ಪಡೆಯುವವರು ಅದರ ಖರ್ಚನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಗರಸು ಎಷ್ಟಿದ್ದರೆ ಎಷ್ಟು?

ಮಣ್ಣು ವಿಜ್ಞಾನದಲ್ಲಿ 2 ಮಿಲಿಮೀಟರಿಗಿಂತ ದಪ್ಪನೆಯ ಕಣವೆಲ್ಲ ಗರಸು ಅಥವಾ ಕಲ್ಲು. 2ರಿಂದ 75 ಮಿ.ಮೀ.ವರೆಗಿನದು ಗರಸು, ಅದಕ್ಕಿಂತ ದೊಡ್ಡದು ಕಲ್ಲುಗುಂಡು. ಮಣ್ಣಿನ ಒಟ್ಟು ಗಾತ್ರದಲ್ಲಿ ಗರಸು ಶೇ 15ಕ್ಕಿಂತ ಕಡಿಮೆ ಇದ್ದರೆ ಅದರ ಪರಿಣಾಮ ಅಷ್ಟಾಗಿ ಕಾಣುವುದಿಲ್ಲ. ಶೇ 15ರಿಂದ 35 ಇದ್ದರೆ ಗರಸು ಮಣ್ಣು, 35ರಿಂದ 60 ಇದ್ದರೆ ಹೆಚ್ಚು ಗರಸಿನ ಮಣ್ಣು, ಅದಕ್ಕೂ ಮೀರಿದರೆ ಅತಿ ಗರಸು. ರಾಜ್ಯದ ಆಯ್ದ ಜಿಲ್ಲೆಗಳಲ್ಲಿ ಸುಜಲಾ–3 ಜಲಾನಯನ ಯೋಜನೆಯಡಿ ನಡೆದ ಭೂ ಸಂಪನ್ಮೂಲ ಸಮೀಕ್ಷೆಯ ನಕ್ಷೆಗಳಲ್ಲೂ ಆಳ, ಇಳಿಜಾರಿನ ಜತೆಗೆ ಗರಸಿನ ವರ್ಗವನ್ನು ಗುರುತಿಸಿದ್ದಾರೆ. ನಿಮ್ಮ ಕಿರು ಜಲಾನಯನದಲ್ಲಿ ಆ ಸಮೀಕ್ಷೆ ಆಗಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ನಕ್ಷೆ ಇಲ್ಲದಿದ್ದರೂ ಚಿಂತೆಯಿಲ್ಲ, ಮನೆಯಲ್ಲೇ ಅಳೆಯಬಹುದು. ಹೊಲದ ನಾಲ್ಕೈದು ಕಡೆ ಒಂದಡಿ ಆಳದವರೆಗಿನ ಮಣ್ಣು ತೆಗೆದು ಬೆರೆಸಿ, 10 ಕಿಲೋ ತೂಗಿ ಬಿಸಿಲಿಗೆ ಹರಡಿ. ಚೆನ್ನಾಗಿ ಒಣಗಿದ ಮೇಲೆ ಹೆಂಟೆಯನ್ನು ಮರದ ಕೊಡತಿಯಿಂದ ಪುಡಿಮಾಡಿ; ಕಲ್ಲು ಒಡೆಯದಂತೆ ನೋಡಿಕೊಳ್ಳಿ. 2 ಮಿ.ಮೀ. ಕಣ್ಣಿನ ಜರಡಿ ಹಿಡಿದು, ಮೇಲುಳಿದ ಗರಸನ್ನೂ ಕೆಳಗೆ ಬಿದ್ದ ಮಣ್ಣನ್ನೂ ಬೇರೆ ಬೇರೆ ತೂಗಿ.

ಇಲ್ಲಿ ಒಂದು ಎಚ್ಚರ ಬೇಕು. ಕಲ್ಲು ಮಣ್ಣಿಗಿಂತ ಭಾರ. ಹಾಗಾಗಿ ತೂಕದಲ್ಲಿ ಅರ್ಧ ಗರಸಿದ್ದರೆ ಗಾತ್ರದಲ್ಲಿ ಅದು ಸುಮಾರು ಮೂರನೇ ಒಂದು ಪಾಲು ಮಾತ್ರ. ಬೇರಿಗೆ ಸಿಗುವ ಜಾಗ, ನೀರು ಹಿಡಿಯುವ ಶಕ್ತಿ ಎಲ್ಲವೂ ಗಾತ್ರದ ಲೆಕ್ಕದಲ್ಲೇ ನಡೆಯುತ್ತವೆ.

ನೀರು ಇಳಿಯುವುದನ್ನು ನೋಡುವುದು

ಮೂರಡಿ ಆಳದ ಒಂದು ಗುಂಡಿ ತೋಡಿ ಅದರ ಗೋಡೆಯನ್ನು ಬಿಸಿಲಿನಲ್ಲಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಮೇಲಿಂದ ಕೆಳಗಿನವರೆಗೂ ಒಂದೇ ಬಗೆಯ ಕೆಂಪು ಅಥವಾ ಕಂದು ಬಣ್ಣವಿದ್ದರೆ ನೀರು ಸರಾಗವಾಗಿ ಬಸಿಯುತ್ತಿದೆ, ಮಣ್ಣಿನ ಕಬ್ಬಿಣಕ್ಕೆ ಗಾಳಿ ಸಿಗುತ್ತಿದೆ ಎಂದರ್ಥ. ಬೂದು ಬಣ್ಣ ಅಥವಾ ಬೂದಿನ ನಡುವೆ ಕಿತ್ತಳೆ ಮಚ್ಚೆಗಳು ಕಂಡರೆ ವರ್ಷದ ಸ್ವಲ್ಪ ಕಾಲ ಅಲ್ಲಿ ನೀರು ನಿಲ್ಲುತ್ತದೆ. ಮೇಲೆ ಗರಸಿದ್ದು ಎರಡಡಿ ಕೆಳಗೆ ಜೇಡಿಯ ಪದರ ಇರುವ ಹೊಲಗಳಿವೆ. ಮಾವು, ದಾಳಿಂಬೆಯಂಥ ಬಹುವರ್ಷದ ಗಿಡ ನೆಡುವವರು ಗುಂಡಿ ತೋಡದೆ ತೀರ್ಮಾನಕ್ಕೆ ಬರಬಾರದು.

ಉಳಿದರ್ಧಕ್ಕೆ ಬಸಿಯುವ ಪರೀಕ್ಷೆ ಮಾಡಬೇಕು. ಒಂದಡಿ ಅಗಲ, ಒಂದಡಿ ಆಳದ ಗುಂಡಿಗೆ ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಸ್ಕೇಲ್ ಹಿಡಿದು ನೋಡಿ. ಗಂಟೆಗೆ 2.5ರಿಂದ 7.5 ಸೆಂ.ಮೀ. ಇಳಿದರೆ ಹೆಚ್ಚಿನ ಬೆಳೆಗಳಿಗೆ ಹಿತ. 10 ಸೆಂ.ಮೀ. ದಾಟಿದರೆ ಆ ನೆಲಕ್ಕೆ ಹಾಯಿ ನೀರು ಕೊಡುವುದು ದುಬಾರಿ, ಹನಿ ನೀರಾವರಿಯೇ ಸರಿ.

ಬಿಂದಿಗೆ ಚಿಕ್ಕದು, ಬೇಗ ತುಂಬುತ್ತದೆ

ಗರಸು ನೆಲ ಬಾಯಿ ಅಗಲವಾದ ಸಣ್ಣ ಬಿಂದಿಗೆಯ ಹಾಗೆ. ಸುರಿದ ನೀರು ಒಳಗೆ ಹೋಗಲು ತಡವಿಲ್ಲ, ಆದರೆ ಹಿಡಿಯುವುದು ಸ್ವಲ್ಪವೇ. ಎಷ್ಟು ಸ್ವಲ್ಪ ಎಂಬುದನ್ನು ಲೆಕ್ಕ ಹಾಕಿ ತಿಳಿಯಬಹುದು.

ಮರಳು ಮಿಶ್ರಿತ ಗೋಡು ಒಂದು ಮೀಟರ್ ಆಳಕ್ಕೆ ಸುಮಾರು 110 ಮಿ.ಮೀ. ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. ಬೇರು ಎರಡಡಿ, ಅಂದರೆ 60 ಸೆಂ.ಮೀ. ಇಳಿದಿದ್ದರೆ ಅದಕ್ಕೆ ಸಿಗುವುದು 66 ಮಿ.ಮೀ. ಅದೇ ಮಣ್ಣಿನ ಗಾತ್ರದಲ್ಲಿ ಶೇ 35 ಬೆಣಚಿನ ಗರಸಿದ್ದರೆ, ಬೆಣಚು ನೀರು ಹಿಡಿಯದ ಕಾರಣ ಉಳಿಯುವುದು ಸುಮಾರು 43 ಮಿ.ಮೀ. ಗಿಡ ಬಾಡುವವರೆಗೂ ಕಾಯುವಂತಿಲ್ಲ, ಅರ್ಧ ಖರ್ಚಾದಾಗಲೇ ಮತ್ತೆ ನೀರು ಕೊಡಬೇಕು. ದಿನಕ್ಕೆ 5 ಮಿ.ಮೀ. ನೀರು ಎಳೆಯುವ ಬೆಳೆಗೆ ಆ ಅರ್ಧ ನಾಲ್ಕು ದಿನಕ್ಕೆ ಮುಗಿಯುತ್ತದೆ. ಒಳ್ಳೆಯ ಎರೆ ಭೂಮಿಯಲ್ಲಿ ಇದೇ ಲೆಕ್ಕ ಹತ್ತು ದಿನ ದಾಟುತ್ತದೆ.

ಒಂದು ಎಕರೆಗೆ 1 ಮಿ.ಮೀ. ನೀರೆಂದರೆ ಸುಮಾರು 4,000 ಲೀಟರ್. ಮೇಲಿನ ಹೊಲ ಒಂದು ಸರದಿಗೆ ಹಿಡಿಯಬಲ್ಲದ್ದು 20 ಮಿ.ಮೀ., ಅಂದರೆ 80,000 ಲೀಟರ್ ಅಷ್ಟೆ. ಸಾಲು ಬಿಟ್ಟು ನೀರು ಹಾಯಿಸಿದರೆ ಸಾಮಾನ್ಯವಾಗಿ ಅದರ ಎರಡರಷ್ಟೋ ಮೂರರಷ್ಟೋ ಹೊಲಕ್ಕೆ ಹೋಗುತ್ತದೆ. ಹೆಚ್ಚಿನದೆಲ್ಲ ಬೇರಿನ ಕೆಳಗಿಳಿದು, ಹೋಗುವಾಗ ಗೊಬ್ಬರವನ್ನೂ ಒಯ್ಯುತ್ತದೆ. ಕೊಳವೆಬಾವಿಯನ್ನು ಸಾವಿರ ಅಡಿ ಇಳಿಸಿ ನೀರೆತ್ತುವ ಸೀಮೆಯಲ್ಲಿ ಈ ನಷ್ಟ ಸಣ್ಣದಲ್ಲ.

ಹನಿ ನೀರಾವರಿಯಲ್ಲೂ ಗರಸು ನೆಲಕ್ಕೆ ಬೇರೆ ಅಳತೆ ಬೇಕು. ಜೇಡಿಯಲ್ಲಿ ತೊಟ್ಟಿಕ್ಕಿದ ನೀರು ಅಗಲಕ್ಕೆ ಹರಡುತ್ತದೆ, ಗರಸಿನಲ್ಲಿ ನೇರ ಕೆಳಗಿಳಿಯುತ್ತದೆ. ಹಾಗಾಗಿ ತರಕಾರಿಗೆ ಡ್ರಿಪ್ಪರ್‌ಗಳು ಒಂದಡಿಗೊಂದು ಇರಲಿ, ಹಣ್ಣಿನ ಗಿಡಕ್ಕೆ ಎರಡೂ ಬದಿ ಲ್ಯಾಟರಲ್ ಕೊಳವೆ ಎಳೆಯುವುದು ಒಳ್ಳೆಯದು. ಮೂರು ದಿನಕ್ಕೊಮ್ಮೆ ಮೂರು ಗಂಟೆ ಬಿಡುವ ಬದಲು ದಿನವೂ ಒಂದು ಗಂಟೆ ಬಿಟ್ಟರೆ ಅದೇ ನೀರು ಹೆಚ್ಚು ಕೆಲಸ ಮಾಡುತ್ತದೆ. ಸಂಶಯವಿದ್ದರೆ ಒಂದು ಗಂಟೆ ಬಿಟ್ಟು ನಿಲ್ಲಿಸಿ, ಡ್ರಿಪ್ಪರ್ ಪಕ್ಕದಲ್ಲಿ ಅಗೆದು ನೋಡಿ. ತೇವ ಬೇರಿಗಿಂತ ಕೆಳಗೆ ಇಳಿದಿದ್ದರೆ ಸಮಯ ಕಡಿಮೆ ಮಾಡಿ.

ಮಣ್ಣು ಪರೀಕ್ಷೆ ವರದಿಯಲ್ಲಿ ಕಾಣದ ಕಲ್ಲು

ಮಣ್ಣು ಆರೋಗ್ಯ ಚೀಟಿ ಯೋಜನೆ 2015ರಲ್ಲಿ ಶುರುವಾದ ಮೇಲೆ ಹಳ್ಳಿ ಹಳ್ಳಿಗೂ ಪರೀಕ್ಷೆಯ ವರದಿ ತಲುಪಿದೆ. ಗರಸು ನೆಲದವರು ಆ ವರದಿಯನ್ನು ಓದುವಾಗ ಒಂದು ಸಂಗತಿಯನ್ನು ಗಮನಿಸಬೇಕು. ಪ್ರಯೋಗಾಲಯದಲ್ಲಿ ಮೊದಲ ಕೆಲಸವೇ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಸೋಸುವುದು. ಮೇಲುಳಿದ ಗರಸು ಪರೀಕ್ಷೆಗೆ ಹೋಗುವುದಿಲ್ಲ. ಸೋಸಿದ ಮಣ್ಣಿನಲ್ಲಿ ಸಿಕ್ಕ ಅಂಶವನ್ನು ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಬದಲಾಯಿಸುವಾಗ, ಹೆಕ್ಟೇರಿನ ಮೇಲ್ಪದರದಲ್ಲಿ ಸುಮಾರು 22.4 ಲಕ್ಷ ಕಿಲೋ ಮಣ್ಣಿದೆ ಎಂದು ಹಿಡಿಯುವುದು ವಾಡಿಕೆ. ಆ ಲೆಕ್ಕದಲ್ಲಿ ಕಲ್ಲಿಗೆ ಜಾಗವಿಲ್ಲ.

ವರದಿ ಹೆಕ್ಟೇರಿಗೆ 180 ಕಿಲೋ ಪೊಟ್ಯಾಷ್ ಇದೆ ಎಂದು ಹೇಳಿದೆ ಎಂದುಕೊಳ್ಳೋಣ. ಅದು ‘ಮಧ್ಯಮ’ ವರ್ಗ. ಹೊಲದ ಗಾತ್ರದಲ್ಲಿ ಶೇ 35 ಗರಸಿದ್ದರೆ ನಿಜವಾಗಿ ಇರುವುದು 180ರ ಶೇ 65, ಅಂದರೆ 117 ಕಿಲೋ. ಅದು ‘ಕಡಿಮೆ’ ವರ್ಗಕ್ಕೆ ಇಳಿಯಿತು. ಮಧ್ಯಮ ಎಂದು ನಂಬಿ ಗೊಬ್ಬರ ಕಡಿತ ಮಾಡಿದ ರೈತರಿಗೆ ಇಳುವರಿ ಏಕೆ ಬರಲಿಲ್ಲ ಎಂಬುದು ತಿಳಿಯುವುದೇ ಇಲ್ಲ. ಮಣ್ಣಿನ ಮಾದರಿ ಕೊಡುವಾಗ ಗರಸಿನ ಪ್ರಮಾಣವನ್ನೂ ಚೀಟಿಯಲ್ಲಿ ಬರೆದುಕೊಟ್ಟು, ಶಿಫಾರಸು ಕೇಳುವಾಗ ಕೃಷಿ ಅಧಿಕಾರಿಗೆ ಅದನ್ನು ತೋರಿಸುವುದು ಜಾಣತನ.

ಗೊಬ್ಬರಕ್ಕೆ ಕಂತು, ಮಣ್ಣಿಗೆ ಗೋಡು

ಯೂರಿಯಾ ಮಣ್ಣು ಸೇರಿ ಕೆಲವೇ ದಿನಗಳಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿಯುವುದಿಲ್ಲ, ಅದು ನೀರಿನ ಜತೆ ಇಳಿದುಹೋಗುತ್ತದೆ. ಗರಸು ನೆಲದಲ್ಲಿ ಒಂದು ದೊಡ್ಡ ಮಳೆಯೇ ಅದಕ್ಕೆ ಸಾಕು. ಆದ್ದರಿಂದ ಸಾರಜನಕವನ್ನು ಎರಡರ ಬದಲು ಮೂರು ನಾಲ್ಕು ಕಂತಿನಲ್ಲಿ ಕೊಡಿ, ಹನಿ ನೀರಾವರಿ ಇದ್ದರೆ ವಾರಕ್ಕೊಮ್ಮೆ ನೀರಿನಲ್ಲೇ ಬಿಡಿ. ಪೊಟ್ಯಾಷನ್ನೂ ಕನಿಷ್ಠ ಎರಡು ಭಾಗ ಮಾಡಿ. ರಂಜಕ ಅಷ್ಟು ಸುಲಭಕ್ಕೆ ಕೊಚ್ಚಿಹೋಗುವುದಿಲ್ಲ, ಅದನ್ನು ಬಿತ್ತನೆಯಲ್ಲೇ ಕೊಡಬಹುದು. ಇಳಿದುಹೋದ ನೈಟ್ರೇಟ್ ಸೇರುವುದು ಊರಿನ ಬಾವಿಗೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕ. ತೋಟದ ನಡುವೆ ಇರುವ ಬಾವಿಯ ನೀರು ಕುಡಿಯುವ ಮನೆಯವರು, ಅದರಲ್ಲೂ ಹಸುಗೂಸು ಇರುವವರು, ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ಬಿಂದಿಗೆ ದೊಡ್ಡದಾಗಬೇಕಾದರೆ ಜೇಡಿ ಮತ್ತು ಸಾವಯವ ಅಂಶ ಸೇರಬೇಕು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಹೂಳನ್ನು, ಅಂದರೆ ಗೋಡನ್ನು, ಹೊಲಕ್ಕೆ ಹೊಡೆಯುವ ಪದ್ಧತಿ ಇದಕ್ಕೆ ಅತ್ಯುತ್ತಮ ಉತ್ತರ. ಮಳೆ ನೀರು ಮೇಲಿನ ಹೊಲದಿಂದ ಕದ್ದೊಯ್ದ ಜೇಡಿಯೇ ಕೆರೆಯಲ್ಲಿ ಕೂತಿರುತ್ತದೆ, ಅದು ಮರಳಿ ಹೊಲ ಸೇರಿದಂತಾಗುತ್ತದೆ. ಎಕರೆಗೆ ಒಂದು ಸೆಂ.ಮೀ. ದಪ್ಪ ಹರಡಲು 40 ಘನ ಮೀಟರ್ ಬೇಕು. ಟ್ರೇಲರಿಗೆ 3 ಘನ ಮೀಟರ್ ಹಿಡಿದರೆ 13–14 ಲೋಡು. ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಪಡೆಯಿರಿ. ಚರಂಡಿ ಅಥವಾ ಕಾರ್ಖಾನೆ ನೀರು ಸೇರುವ ಕೆರೆಯಾದರೆ ಭಾರಲೋಹಗಳ ಪರೀಕ್ಷೆ ಆಗದೆ ಗೋಡು ತರಬೇಡಿ.

ದಕ್ಷಿಣ ಫ್ರಾನ್ಸಿನ ಲಾ ಕ್ರೋ ಬಯಲಿನಲ್ಲಿ ಇದೇ ಕೆಲಸವನ್ನು ಕಾಲುವೆ ಮಾಡಿತು. ಅದು ದ್ಯುರಾನ್ಸ್ ನದಿಯ ಹಳೆಯ ಮುಖಜಭೂಮಿ, ಕಣ್ಣು ಹಾಯಿಸಿದಷ್ಟೂ ಉರುಟು ಕಲ್ಲು. 16ನೇ ಶತಮಾನದಲ್ಲಿ ಆಡಂ ದ ಕ್ರಪೋನ್ ಎಂಬ ಎಂಜಿನಿಯರ್ ಆ ನದಿಯಿಂದ ಕಾಲುವೆ ತಂದ. ಹೂಳು ತುಂಬಿದ ನೀರನ್ನು ತಲೆಮಾರುಗಳ ಕಾಲ ಹಾಯಿಸಿದ ಕಡೆ ಕಲ್ಲಿನ ಮೇಲೆ ಫಲವತ್ತಾದ ಪದರ ಕೂತು, ಇಂದು ಅಲ್ಲಿ ಫ್ರಾನ್ಸಿನ ಹೆಸರಾಂತ ಒಣಹುಲ್ಲು ಬೆಳೆಯುತ್ತದೆ.

ಗಾಳಿ ಚೆನ್ನಾಗಿ ಆಡುವ ಬಿಸಿ ಮಣ್ಣಿನಲ್ಲಿ ಸಾವಯವ ಅಂಶ ಬೇಗ ಕರಗುತ್ತದೆ. ಹಾಗಾಗಿ ಐದು ವರ್ಷಕ್ಕೊಮ್ಮೆ ರಾಶಿ ಕೊಟ್ಟಿಗೆ ಗೊಬ್ಬರ ಸುರಿಯುವುದಕ್ಕಿಂತ ಪ್ರತಿ ವರ್ಷ ಎಕರೆಗೆ ಮೂರು ಟನ್ ಕೊಡುವುದು ಲೇಸು. ಬದುಗಳ ಮೇಲೆ ಗ್ಲಿರಿಸಿಡಿಯ, ಹೊಂಗೆ ಬೆಳೆಸಿದರೆ ಸೊಪ್ಪು ಹೊಲದಲ್ಲೇ ಸಿಗುತ್ತದೆ. ಮುಂಗಾರಿಗೆ ಮುಂಚಿನ ಮಳೆಗೆ ಅಪ್ಪಸೆಣಬು ಚೆಲ್ಲಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು.

ಕಲ್ಲು ಆಯಬೇಕೆ?

ಎಷ್ಟು ಆಯ್ದರೂ ಮರುವರ್ಷ ಮತ್ತೆ ಕಲ್ಲು ಏಳುತ್ತದೆ ಎಂದು ರೈತರು ಬೇಸರಪಡುವುದುಂಟು. ಉಳುಮೆ ಕೆಳಗಿನ ಕಲ್ಲನ್ನು ಮೇಲೆತ್ತುತ್ತದೆ ನಿಜ, ಅದಕ್ಕಿಂತ ಮುಖ್ಯ ಕಾರಣ ಸವಕಳಿ. ಮಳೆ ನೀರು ನಯವಾದ ಮಣ್ಣನ್ನು ಒಯ್ದು ಕಲ್ಲನ್ನು ಅಲ್ಲೇ ಬಿಡುತ್ತದೆ. ಮೇಲ್ಮೈಯಲ್ಲಿ ಗರಸು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಅಷ್ಟು ಮಣ್ಣು ಹೊಲ ಬಿಟ್ಟು ಹೋಗಿದೆ ಎಂದು ತಿಳಿಯಬೇಕು. ಆಗ ಮೊದಲು ಮಾಡಬೇಕಾದ ಕೆಲಸ ಬದು ಕಟ್ಟುವುದು, ಇಳಿಜಾರಿಗೆ ಅಡ್ಡಲಾಗಿ ಉಳುವುದು.

ಮುಷ್ಟಿಗಿಂತ ದೊಡ್ಡ ಕಲ್ಲನ್ನು ಆಯ್ದು ಬದುವಿಗೆ ಹಾಕಿ. ಅದು ನೇಗಿಲನ್ನು ಸವೆಸುತ್ತದೆ, ಕೂರಿಗೆಯನ್ನು ಕೆಡಿಸುತ್ತದೆ. ಸಣ್ಣ ಗರಸು ಮೇಲ್ಮೈಯಲ್ಲಿ ಇರಲಿ. ಅದು ಮಳೆಹನಿಯ ಪೆಟ್ಟನ್ನು ತಡೆಯುತ್ತದೆ, ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಕೆಳಗಿನ ತೇವ ಆವಿಯಾಗದಂತೆ ಮುಚ್ಚುತ್ತದೆ. ಚೀನಾದ ಗಾನ್ಸು ಪ್ರಾಂತ್ಯದ ಒಣಭೂಮಿ ರೈತರು ಶತಮಾನಗಳಿಂದ ಹೊಲಕ್ಕೆ ಜಲ್ಲಿ ಹೊದಿಸಿ ಕರಬೂಜ, ಕಲ್ಲಂಗಡಿ ಬೆಳೆಯುತ್ತಿದ್ದಾರೆ. ಕೊಪ್ಪಳ, ಗದಗ ಭಾಗದಲ್ಲೂ ಎರೆ ಹೊಲಗಳಿಗೆ ಹಳ್ಳದ ಉಸುಕು ಹರಡುವ ಪದ್ಧತಿಯಿದೆ. ದುಡ್ಡು ಕೊಟ್ಟು ಹರಡುವ ಹೊದಿಕೆ ಗರಸು ನೆಲದವರಿಗೆ ಪುಕ್ಕಟೆಯಾಗಿ ಸಿಕ್ಕಿದೆ.

ಯಾವ ಬೆಳೆ ಹೊಂದುತ್ತದೆ?

ಬೇರಿಗೆ ನೀರು ನಿಂತರೆ ಸಾಯುವ ಬೆಳೆಗಳಿಗೆ ಈ ನೆಲ ಹಿತ. ದ್ರಾಕ್ಷಿ, ದಾಳಿಂಬೆ, ಸೀತಾಫಲ, ಸೀಬೆ, ಮಾವು, ಹುಣಸೆ, ನೆಲ್ಲಿ ಈ ಸಾಲಿನವು. ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ತವರು ನಂದಿ ಸುತ್ತಲ ಈ ಕೆಂಪು ನೆಲವೇ. 1988ರಲ್ಲಿ ಆರಂಭವಾದ ಗ್ರೋವರ್ ದ್ರಾಕ್ಷಿತೋಟವೂ ಫ್ರೆಂಚ್ ವೈನ್ ತಳಿಗಳಿಗೆ ಆರಿಸಿಕೊಂಡದ್ದು ಇದೇ ಬೆಟ್ಟದ ಬುಡವನ್ನು. ಮಳೆಯಾಶ್ರಯದಲ್ಲಿ ರಾಗಿ, ಹುರುಳಿ, ಅಲಸಂದೆ, ತೊಗರಿ ಸರಿಹೋಗುತ್ತವೆ. ಗರಸು ಕಡಿಮೆ ಇರುವ ಕಡೆ ಕಡಲೆಕಾಯಿ ಕೀಳುವುದೂ ಸುಲಭ.

ಕ್ಯಾರೆಟ್, ಮೂಲಂಗಿ ಬೇಡ. ಬೇರಿಗೆ ಕಲ್ಲು ಸಿಕ್ಕಿದರೆ ಕವಲೊಡೆದು ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತವೆ. ಭತ್ತದ ಮಾತೇ ಇಲ್ಲ. ಟೊಮೆಟೊ, ಬದನೆ ಬೆಳೆಯುವವರು ಬೇರುಗಂಟು ಜಂತುಹುಳುವಿನ ಮೇಲೆ ಕಣ್ಣಿಡಬೇಕು. ಹಗುರ ಮಣ್ಣಿನಲ್ಲಿ ಅದರ ಕಾಟ ಹೆಚ್ಚು. ಬೆಳೆ ಮುಗಿದ ಮೇಲೆ ಒಂದೆರಡು ಗಿಡ ಕಿತ್ತು ಬೇರು ನೋಡಿ, ಗಂಟು ಕಂಡರೆ ಮುಂದಿನ ಬಾರಿ ಅದೇ ಜಾಗದಲ್ಲಿ ಚೆಂಡುಹೂ ಹಾಕಿ. ಅದರ ಬೇರಿನ ರಸ ಜಂತುಹುಳುವನ್ನು ತಗ್ಗಿಸುತ್ತದೆ, ಹೂವಿಗೂ ಮಾರುಕಟ್ಟೆಯಿದೆ.

ಹೊಸದಾಗಿ ಇಂಥ ನೆಲ ಕೊಳ್ಳುವವರು ಅಥವಾ ತೋಟ ಮಾಡಲು ಹೊರಟವರು ಕೆಲಸಗಳನ್ನು ಹೀಗೆ ಜೋಡಿಸಿಕೊಳ್ಳಬಹುದು. ಫೆಬ್ರವರಿ, ಮಾರ್ಚಿನಲ್ಲಿ ಗುಂಡಿ ತೋಡಿ ಆಳ ನೋಡುವುದು, ಜರಡಿ ಹಿಡಿದು ಗರಸು ಅಳೆಯುವುದು, ಮಣ್ಣು ಪರೀಕ್ಷೆಗೆ ಕೊಡುವುದು. ಏಪ್ರಿಲ್, ಮೇನಲ್ಲಿ ಕೆರೆ ಗೋಡು ಹೊಡೆದು ಬದು ಸರಿಪಡಿಸುವುದು. ಮೊದಲ ಮಳೆಗೆ ಹಸಿರೆಲೆ ಗೊಬ್ಬರ ಚೆಲ್ಲುವುದು. ಹಣ್ಣಿನ ಗಿಡವನ್ನು ಜೂನ್, ಜುಲೈನಲ್ಲಿ ನೆಟ್ಟು, ಬುಡಕ್ಕೆ ಸೊಪ್ಪು ಸದೆ ಹೊದಿಸಿ, ಮೊದಲ ಎರಡು ಬೇಸಿಗೆ ಹನಿ ನೀರು ತಪ್ಪದಂತೆ ನೋಡಿಕೊಳ್ಳುವುದು. ಬೇರು ಮೂರಡಿ ಕೆಳಗಿನ ತಂಪನ್ನು ಮುಟ್ಟಿದ ಮೇಲೆ ನೀರಿನ ಸರದಿಯನ್ನು ನಿಧಾನಕ್ಕೆ ದೂರ ಮಾಡಬಹುದು.